ಓರೆಗಾಲಿನ ಬೀರು

ಬೆಳಕು ಹರಿಯುವ ಮುಂಚೆ ಅವಳು ಮಾಡಿ ಮುಗಿಸಿದ ಕೆಲಸಗಳಿವು: ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಎದ್ದು ಎರಡು ಡ್ರಮ್ಮು, ಏಳು ಕೊಡ ತುಂಬಿಸಿದಳು. ಹಾಲು ಕಾಯಿಸಿದಳು. ಅತ್ತೆಯ ಮೊಣಕಾಲಿಗೆ ಬಿಸಿ ಎಣ್ಣೆ ಉಜ್ಜಿದಳು. ಮಾವನ ಮಾತ್ರೆಗಳನ್ನು ಬೆಳಗಿನವು, ಮಧ್ಯಾಹ್ನದವು ಎಂದು ಎರಡು ಬಟ್ಟಲಿಗೆ ಹಾಕಿದಳು. ಗಂಡನ ಅಂಗಿಗೆ ಇಸ್ತ್ರಿ ಹಾಕಿ, ಕಿತ್ತುಹೋದ ಗುಂಡಿ ಹೊಲಿದಳು. ತಿಂಡಿ ಮಾಡಿ ಮುಚ್ಚಿಟ್ಟಳು. ಮನೆಯ ನೆಲ ಒಂದು ಸಲ ಒರೆಸಿದಳು, ಪಕ್ಕದ ಕೋಣೆಯ ನೆಲ ಎರಡು ಸಲ. ಕೊನೆಗೆ ಅಡುಗೆಮನೆಯ ಕಿಟಕಿ ತೆರೆದು ಕುಕ್ಕರಿನ ಆವಿಯೆಲ್ಲ ಹೊರಗೆ ಹೋಗುವವರೆಗೆ ನಿಂತು ಕಾದಳು. ಅರಗಿನ ಪಾಲಿಶಿಗೆ ತೇವ ಆಗದು. ಸ್ವಲ್ಪ ತಾಗಿದರೂ ಹಾಲು ಚೆಲ್ಲಿದ ಹಾಗೆ ಬಿಳಿಚಿಕೊಳ್ಳುತ್ತದೆ.

ಇಷ್ಟೆಲ್ಲ ಮಾಡಿದ್ದು ಅರ್ಧ ಗಂಟೆಗಾಗಿ. ಯಾರೂ ಕರೆಯದ ಅರ್ಧ ಗಂಟೆಗಾಗಿ.

ಪಕ್ಕದ ಕೋಣೆಯಲ್ಲಿ ನಾಲ್ಕು ತಿಂಗಳಿಂದ ಒಂದು ಗಿಡ್ಡ ಬೀರು ನಿಂತಿತ್ತು. ಉದ್ದನೆಯ ಮೈ, ಅತ್ತಿತ್ತ ಜಾರುವ ಎರಡು ಬಾಗಿಲು, ಕೆಳಗೆ ಹೋಗುತ್ತ ಸಣ್ಣಗಾಗುವ ಓರೆ ಕಾಲುಗಳು. ಅರವತ್ತು ವರ್ಷದ ಹಿಂದೆ ಇಂಥವನ್ನು ಮಾಡುತ್ತಿದ್ದರು. ಮುಚ್ಚಿಹೋದ ಹಲ್ಲಿನ ಆಸ್ಪತ್ರೆಯೊಂದರ ಹಿತ್ತಲಲ್ಲಿ ಅದನ್ನು ಕಂಡಾಗ ಮೈತುಂಬ ಬಿಳಿ ಎಣ್ಣೆಬಣ್ಣ, ಮೇಲೆ ಒಡೆದ ಬಕೆಟ್ಟು. ಅವಳು ಉಗುರಿನಿಂದ ಒಂದು ಮೂಲೆ ಕೆರೆದು ನೋಡಿದ್ದಳು. ಒಳಗೆ ತೇಗದ ಗೆರೆಗಳು. ಅವಳ ಅಪ್ಪ ಕುರ್ಚಿ ಮೇಜಿನ ಕಾರ್ಖಾನೆಯಲ್ಲಿ ಪಾಲಿಶ್ ಹಾಕುವವನಾಗಿದ್ದ. ಕೆಲಸ ಕಲಿಸಿದ್ದು ಅಣ್ಣನಿಗೆ. ಸ್ಪಿರಿಟ್‌ನಲ್ಲಿ ಅರಗು ನೆನೆಹಾಕುವುದು, ಹತ್ತಿಯನ್ನು ಹಳೆಯ ಬಟ್ಟೆಯಲ್ಲಿ ಕಟ್ಟಿ ಉಂಡೆ ಮಾಡುವುದು ಮಗಳ ಪಾಲಿಗೆ. ಅಣ್ಣ ಈಗ ಬಸ್ಸು ಓಡಿಸುತ್ತಾನೆ. ಉಂಡೆ ಹಿಡಿಯುವ ಕೈ ಉಳಿದದ್ದು ಇವಳದೇ.

ಅತ್ತೆ ಮೊದಲ ದಿನವೇ ನಕ್ಕಿದ್ದರು. "ಕಾಲು ನೋಡೇ ಇದರದ್ದು, ಈಗ ತಾನೇ ಹುಟ್ಟಿದ ಕರು ನಿಂತ ಹಾಗಿದೆ. ಊರಿನ ಕಸಕ್ಕೆಲ್ಲ ನಮ್ಮನೇನೇ ತವರುಮನೆ!" ಅಂದಿನಿಂದ ಅವಳ ಹೆಸರು ಪಾಲಿಶಮ್ಮ.

ಇವತ್ತು ಮಧ್ಯಾಹ್ನ ನಾದಿನಿ ಬರುವವಳಿದ್ದಳು, ಹದಿನೈದು ದಿನ ಇರಲು. ಅವಳಿಗೆ ಈ ಕೋಣೆಯೇ ಬೇಕು. ಗಂಡ ನಿನ್ನೆ ಕಡ್ಡಿ ಮುರಿದ ಹಾಗೆ ಹೇಳಿದ್ದ: "ಹನ್ನೆರಡಕ್ಕೆ ಗುಜರಿಯವನಿಗೆ ಬರೋಕೆ ಹೇಳಿದೀನಿ. ಅಷ್ಟರೊಳಗೆ ಮುಗಿದ್ರೆ ಹಾಲ್‌ನಲ್ಲಿ ಇರುತ್ತೆ. ಇಲ್ದಿದ್ರೆ ಗಾಡೀಲಿ ಇರುತ್ತೆ."

ಉಳಿದಿದ್ದದ್ದು ಮೇಲ್ಭಾಗದ ಕೊನೆಯ ಕೈ ಪಾಲಿಶ್ ಮಾತ್ರ. ಕಿಟಕಿಯಿಂದ ಬಿಸಿಲು ಓರೆಯಾಗಿ ಬಿದ್ದ ಕೂಡಲೇ ಫ್ಯಾನ್ ಆರಿಸಿ ಉಂಡೆ ಎತ್ತಿಕೊಂಡಳು. ಈ ಕೆಲಸಕ್ಕೆ ಒಂದೇ ನಿಯಮ. ಮರದ ಮೇಲೆ ಇಳಿದ ಉಂಡೆ ನಿಲ್ಲಬಾರದು. ನಿಂತಲ್ಲಿ ಅಂಟುತ್ತದೆ, ಅಂಟಿದಲ್ಲಿ ಕೆಳಗಿನ ಪದರವೆಲ್ಲ ಕಿತ್ತು ಬರುತ್ತದೆ.

"ಏನೇ, ನನ್ನ ಕನ್ನಡಕ ಎಲ್ಲಿ?" ಗಂಡ.

"ಕಣ್ಣ ಮೇಲೆ ನೋಡ್ಕೊಳ್ಳಿ." ಕೈ ಸುತ್ತುತ್ತಲೇ ಇತ್ತು.

"ಇಲ್ಲ."

"ಹಾಗಿದ್ರೆ ಹಣೆ ಮೇಲೆ."

ಪತ್ರಿಕೆ ಬಿಡಿಸಿದ ಸದ್ದು ಬಂತು. ಸಿಕ್ಕಿರಬೇಕು.

"ಪಾಲಿಶಮ್ಮಾ, ಸಕ್ಕರೆ ಡಬ್ಬ ತೆಗೆಯೋಕೆ ಬರ್ತಿಲ್ಲ," ಅತ್ತೆ. "ಎಡಕ್ಕೆ ತಿರುಗಿಸಿ, ಅತ್ತೆ." "ಟವೆಲ್?" ಮತ್ತೆ ಗಂಡ. "ತಂತಿ ಮೇಲೆ." "ಯಾವ ತಂತಿ?" ಈ ಮನೆಯಲ್ಲಿ ಒಂದೇ ತಂತಿ ಇದ್ದದ್ದು, ಹನ್ನೊಂದು ವರ್ಷದಿಂದ. ಬೆನ್ನಲ್ಲಿ ಬೆವರು ಇಳಿಯುತ್ತಿತ್ತು. ಒಂದು ಹನಿ ಬಿದ್ದರೂ ಕೆಟ್ಟಿತೆಂದು ಸೆರಗಿನಿಂದ ಹಣೆಯನ್ನು ಬಿಗಿಯಾಗಿ ಕಟ್ಟಿಕೊಂಡಿದ್ದಳು. ಬಲದಿಂದ ಎಡಕ್ಕೆ, ಎಡದಿಂದ ಬಲಕ್ಕೆ, ಕೊನೆಯ ಗೆರೆ ಅಂಚು ದಾಟಿ ಗಾಳಿಗೆ ಹಾರಿತು. ಬಗ್ಗಿ ನೋಡಿದಳು. ಕಿಟಕಿ, ಕಿಟಕಿಯಾಚೆಯ ಆಕಾಶ, ಅವಳ ಮುಖ, ಮೂರೂ ಮರದೊಳಗೆ ಕಂಡವು.

ಇನ್ನು ಎರಡು ಗಂಟೆ ಯಾರೂ ಮುಟ್ಟಬಾರದು, ಅಷ್ಟೇ.

ಆಗ ಅತ್ತೆ ಬಚ್ಚಲಿಂದ ಕೂಗಿದರು. ಮೊಣಕಾಲು ಹಿಡಿದುಕೊಂಡಿದೆ, ಏಳಲಾಗುತ್ತಿಲ್ಲ. ಮಗ ಹಾಲ್‌ನಲ್ಲೇ ಇದ್ದ. ಆದರೆ ತಾಯಿಯನ್ನು ಬಚ್ಚಲಿಂದ ಎಬ್ಬಿಸುವುದು ಮಗ ಮಾಡುವ ಕೆಲಸವಲ್ಲವಂತೆ. ಅವಳು ಮಾವನನ್ನು ಕರೆದಳು. ಮನೆಯಲ್ಲಿ ಅವಳ ಕಡೆ ಇದ್ದ ಒಂದೇ ಜೀವ ಅದು. ನಲವತ್ತು ವರ್ಷ ವಾಚನಾಲಯದಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟಿದವರು. ಟೀವಿಯ ರಿಮೋಟಿಗೂ ಕಾಗದದ ಹೊದಿಕೆ ಹಾಕಿ ಇಡುವವರು.

"ಮಾವ, ಸ್ವಲ್ಪ ಇಲ್ಲೇ ಕೂತಿರಿ. ಧೂಳು ಕೂರಬಾರದು ನೋಡಿ."

"ನೀ ಹೋಗಮ್ಮ. ಒಂದು ಕಣ ಕೂರಕ್ಕೆ ಬಿಡಲ್ಲ."

ಅತ್ತೆಯನ್ನು ಎಬ್ಬಿಸಿ, ಮೈ ಒರೆಸಿ, ಸೀರೆ ಉಡಿಸಿ, ಮಂಚದ ಮೇಲೆ ಕೂರಿಸಿ ಬರುವಷ್ಟರಲ್ಲಿ ಇಪ್ಪತ್ತು ನಿಮಿಷ. ಬೀರುವಿನ ಮೇಲೆ ಉದ್ದಕ್ಕೂ ದಿನಪತ್ರಿಕೆ ಹಾಸಿತ್ತು. ನೆರಿಗೆ ಬಾರದಂತೆ ಎಳೆದು, ಗಾಳಿಗೆ ಹಾರದಿರಲೆಂದು ನಾಲ್ಕು ಮೂಲೆಗೂ ಒಂದೊಂದು ದಪ್ಪ ಪುಸ್ತಕ ಹೇರಿತ್ತು. ಮಾವ ಹೆಮ್ಮೆಯಿಂದ ನಗುತ್ತಿದ್ದರು.

ಅವಳು ಪುಸ್ತಕ ತೆಗೆದು ಕಾಗದದ ಅಂಚನ್ನು ಮೆಲ್ಲಗೆ ಎಳೆದಳು. ಅರ್ಧ ಬಂತು, ಅರ್ಧ ಹರಿದು ಅಲ್ಲೇ ಉಳಿಯಿತು. ಬಂದ ಕಡೆ, ಕಿಟಕಿ ಆಕಾಶ ಕಂಡಿದ್ದ ಜಾಗದಲ್ಲಿ, ಅಚ್ಚಿನ ಅಕ್ಷರಗಳು ತಿರುವುಮುರುವಾಗಿ ಒತ್ತಿಕೊಂಡಿದ್ದವು.

ಮಾವ ಎದ್ದು ಬಂದು ನೋಡಿದರು. "ಅಯ್ಯೋ... ಹೊಟ್ಟೆಗೆ ಹಾಕ್ಕೋ ತಾಯಿ. ನನಗೆ ಇದೊಂದೇ ಗೊತ್ತಿದ್ದದ್ದು."

"ನಾನೇ ಸರಿಯಾಗಿ ಹೇಳಬೇಕಿತ್ತು ಮಾವ," ಎಂದಳು. ನಿಜವೂ ಹೌದು. ಹಸಿ ಇದೆ ಎಂಬ ಮಾತು ಅವಳ ಬಾಯಿಂದ ಬಂದಿರಲೇ ಇಲ್ಲ.

ಸದ್ದಿಗೆ ಗಂಡ ಬಂದ, ಅತ್ತೆ ಗೋಡೆ ಹಿಡಿದು ಬಂದರು. ಅವಳು ಬೈಗುಳಕ್ಕೆ ಸಿದ್ಧಳಾಗಿ ನಿಂತಳು. ಬೈಗುಳ ಬರಲಿಲ್ಲ. ಅತ್ತೆ ಬಗ್ಗಿ ನೋಡಿ ನಾಲಗೆ ಲೊಚಗುಟ್ಟಿದರು.

"ಇಷ್ಟಕ್ಕೆ ಯಾಕೆ ಮುಖ ಹಾಗೆ ಮಾಡ್ತೀಯ? ಮೇಲೊಂದು ಒಳ್ಳೆ ಬಟ್ಟೆ ಹಾಸು. ನಾನೇ ಕೊಡ್ತೀನಿ. ಅದರ ಮೇಲೆ ಹೂದಾನಿ ಇಡು. ಯಾರು ಎತ್ತಿ ನೋಡ್ತಾರೆ?"

ಗಂಡನಿಗೂ ಸಮಾಧಾನವಾದಂತಿತ್ತು. "ಅದೇ ಸರಿ. ಗುಜರಿಯವನಿಗೆ ಬೇಡ ಅಂತ ಫೋನ್ ಮಾಡ್ತೀನಿ. ನೀನು ಬಟ್ಟೆ ಹಾಸಿ ಅಡುಗೆ ಶುರು ಮಾಡು, ಹತ್ತು ಗಂಟೆ ಆಯ್ತು."

"ಬಟ್ಟೆ ಹಾಸದಿದ್ರೆ?"

"ಹಾಸದಿದ್ರೆ ಗಾಡಿ ಬರುತ್ತೆ." ಅವನು ನಗುತ್ತಲೇ ಹೇಳಿದ. ಮೂವರೂ ಹೊರಗೆ ಹೋದರು.

ಅವಳೊಬ್ಬಳೇ ಉಳಿದಳು. ಅವರು ಕೊಟ್ಟ ಸಲಹೆ ಕೆಟ್ಟದ್ದೇನಲ್ಲ, ಅದೇ ಕಷ್ಟ. ಬೀರು ಮನೆಯಲ್ಲೇ ಉಳಿಯುತ್ತದೆ, ಜಗಳವಿಲ್ಲ, ಊಟದ ಹೊತ್ತಿಗೆ ಎಲ್ಲ ನೆಟ್ಟಗಿರುತ್ತದೆ. ಇನ್ನೊಂದು ದಾರಿಯೂ ಅವಳಿಗೆ ಗೊತ್ತಿತ್ತು. ಅಕ್ಷರ ಇರುವಲ್ಲಿ ಮಾತ್ರ ಸ್ಪಿರಿಟ್ ಹಾಕಿ ಒರೆಸಿದರೆ ಮಸಿ ಕರಗಿ ಮರದ ನಾರಿನೊಳಗೆ ಇಳಿಯುತ್ತದೆ. ತೆಗೆದರೆ ಪೂರ್ತಿ ತೆಗೆಯಬೇಕು, ಹನ್ನೆರಡು ದಿನದ ಹನ್ನೆರಡು ಪದರ, ಬರಿಯ ಮರ ಕಾಣುವವರೆಗೆ. ಆಮೇಲೆ ಮತ್ತೆ ಹನ್ನೆರಡು ದಿನ. ಅಷ್ಟು ದಿನ ನಾದಿನಿಗೆ ಕೋಣೆ ಸಿಗುವುದಿಲ್ಲ. ಇವತ್ತಿನ ಅಡುಗೆಯೂ ಆಗುವುದಿಲ್ಲ. ಹನ್ನೆರಡಕ್ಕೆ ಗಾಡಿ ಬಂದರೆ ಬಾಗಿಲಿಗೆ ಅಡ್ಡ ನಿಂತು ಮಾತಾಡಬೇಕಾದವಳು ಅವಳೇ.

ಒಳಗಿನಿಂದ ಅತ್ತೆ ಬಟ್ಟೆ ಹುಡುಕಲು ಪೆಟ್ಟಿಗೆ ತೆರೆಯುವ ಸದ್ದು ಕೇಳಿಸಿತು.

ಅವಳು ಬಾಗಿಲು ಹಾಕಿ ಒಳಗಿನಿಂದ ಚಿಲಕ ಜಡಿದಳು. ಸ್ಪಿರಿಟ್ ಬಾಟಲಿಯ ಮುಚ್ಚಳ ತೆಗೆದು ಬಟ್ಟೆ ಒದ್ದೆಯಾಗುವಷ್ಟು ಸುರಿದಳು. ಎಡಗಡೆಯ ಮೂಲೆಯಿಂದ ಶುರು ಮಾಡಿದಳು.