ಸಾವಿನ ಮನೆಯ ಮಾತು ನಂಬಿದ ಮೇಯರ್

1986ರ ಮಾರ್ಚ್ ಏಳು, ಶುಕ್ರವಾರ ಸಂಜೆ ನಾಲ್ಕೂವರೆಗೆ ಕ್ಯಾರಿಗ್‌ರೋ ಹಡಗುಕಟ್ಟೆಯ ಗೇಟು ಕೊನೆಯ ಬಾರಿಗೆ ಮುಚ್ಚಿತು. ಆಗ ನಮ್ಮ ನಗರದ ಮೇಯರ್ ಆಗಿದ್ದವರು ಶ್ರೀ ಡೆನಿಸ್ ಟೂಮಿ.

ಅಭಿನಂದನ ಗ್ರಂಥದ ಲೇಖನವೊಂದು ಹೀಗೆ ಶುರುವಾಗುವುದು ವಾಡಿಕೆಯಲ್ಲ. ಇಪ್ಪತ್ತೈದು ವರ್ಷ ನಗರಸಭೆಯ ಸದಸ್ಯರಾಗಿದ್ದು, ಐರ್ಲೆಂಡಿನ ದಕ್ಷಿಣ ತೀರದಲ್ಲಿ ಯಾವ ಪಕ್ಷದವರ ಮನೆಗಾದರೂ ಹಿಂಬಾಗಿಲಿನಿಂದ ನೇರ ಅಡುಗೆಮನೆಗೆ ಹೋಗಬಲ್ಲ ರಾಜಕಾರಣಿ ಎನಿಸಿಕೊಂಡು, ಈ ಬೇಸಿಗೆಯಲ್ಲಿ ನಿವೃತ್ತರಾಗುತ್ತಿರುವ ಟೂಮಿಯವರ ಬಗ್ಗೆ ಹೇಳಲು ಬೇರೆ ಸಂಗತಿಗಳು ಬೇಕಾದಷ್ಟಿವೆ. ಆದರೆ ಗ್ರಂಥಕ್ಕೆ ಒಪ್ಪಿಗೆ ಕೇಳಲು ಸಮಿತಿಯವರು ಹೋದಾಗ ಅವರು ಹಾಕಿದ ಷರತ್ತು ಒಂದೇ: "ಗೇಟು ಮುಚ್ಚಿದ್ದನ್ನ ಮೊದಲು ಬರೀರಿ. ಅದನ್ನ ನಡುವೆ ಎಲ್ಲೋ ತುರುಕೋದಾದ್ರೆ ನನಗೆ ಈ ಪುಸ್ತಕವೇ ಬೇಡ."

ಟೂಮಿಯವರ ತಂದೆಗೆ ಬಂದರಿನ ದಕ್ಕೆಯ ಬೀದಿಯಲ್ಲಿ ಕಲ್ಲಿದ್ದಲಿನ ಸಣ್ಣ ಮಂಡಿಯಿತ್ತು. ಒಂದು ಕುದುರೆ, ಒಂದು ಗಾಡಿ. ತಂದೆ ತೀರಿಕೊಂಡಾಗ ಶಾಲೆ ಬಿಟ್ಟು ಗಾಡಿ ಹತ್ತಿದ ಡೆನಿಸ್, ನಲವತ್ತು ತುಂಬುವ ಹೊತ್ತಿಗೆ ಲಾರಿಗಳನ್ನೂ ಎರಡು ಕಬ್ಬಿಣದ ಸಾಮಾನಿನ ಅಂಗಡಿಗಳನ್ನೂ ಮಾಡಿಕೊಂಡಿದ್ದರು. ವ್ಯಾಪಾರದಲ್ಲಿ ಅವರು ಬಿಗಿ ಮನುಷ್ಯ. ಆದರೆ ಯಾರ ಮನೆಯಲ್ಲಿ ಸಾವಾದರೂ, ರಾತ್ರಿಯಿಡೀ ಹೆಣದ ಪಕ್ಕ ಕೂರಲು ಬರುವ ಜನಕ್ಕೆ ಬೆಂಕಿ ಬೇಕೆಂದು, ಕೇಳುವ ಮೊದಲೇ ಒಂದು ಮೂಟೆ ಇದ್ದಲು ಆ ಮನೆಯ ಬಾಗಿಲಿಗೆ ಬಂದಿರುತ್ತಿತ್ತು. ಅದಕ್ಕೆ ಬಿಲ್ಲು ಹೋಗುತ್ತಿರಲಿಲ್ಲ. ಸಂಜೆ ಅವರೂ ಬಂದು, ಮನೆಯವರ ಕೈಹಿಡಿದು ಎರಡು ಮಾತಾಡಿ, ಒಂದು ಲೋಟ ಚಹಾ ಕುಡಿದು ಹೋಗುತ್ತಿದ್ದರು. ಅಲ್ಲಿ ಅವರು ಆಡಿದ ಮಾತು ತಪ್ಪಿದ್ದನ್ನು ಯಾರೂ ಕಂಡಿಲ್ಲ. ವಿಧವೆಯೊಬ್ಬಳಿಗೆ ಮಗನನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತೇನೆ ಎಂದರೆ ಸೋಮವಾರ ಆ ಮಗ ಲಾರಿಯ ಮೇಲಿರುತ್ತಿದ್ದ. 1974ರಲ್ಲಿ ದಕ್ಕೆಯ ಬೀದಿಗಳು ಅವರನ್ನು ನಗರಸಭೆಗೆ ಕಳಿಸಿದ್ದು ಈ ನಂಬಿಕೆಯ ಮೇಲೆ.

1985ರ ಜೂನಿನಲ್ಲಿ ಅವರು ಮೇಯರ್ ಆದರು. ಮೇಯರ್ ಪದವಿಯ ಚಿನ್ನದ ಸರಪಳಿ ಧರಿಸಿ ಮೀನು ಮಾರುಕಟ್ಟೆಗೆ ಬಂದ ಮೊದಲ ದಿನ ಮೀನು ಮಾರುವ ಪೆಗ್ ಡೂಲಿ ಕೂಗಿದ್ದನ್ನು ಇಡೀ ಮಾರುಕಟ್ಟೆ ಕೇಳಿಸಿಕೊಂಡಿತು. "ಏನ್ ಮಗಾ ಡಿನ್ನಿ, ಕೊರಳಿಗೆ ಸರಪಳಿ ಬಿದ್ದಿದೆ! ಕಚ್ತೀಯಾ ಅಂತ ಕಟ್ಟಿ ಹಾಕಿದ್ರಾ?"

"ಕಚ್ಚೋಕೆ ಹಲ್ಲೆಲ್ಲಿದೆ ಪೆಗ್? ನಿನ್ನ ಒಣ ಮೀನು ತಿಂದು ತಿಂದು ಎಲ್ಲ ಹೋಯ್ತು."

ನಗು ಅಷ್ಟಕ್ಕೇ. ಅದೇ ಬೇಸಿಗೆಯಲ್ಲಿ ಕ್ಯಾರಿಗ್‌ರೋ ಮುಚ್ಚುವ ಸುದ್ದಿ ಹಬ್ಬಿತು. ಹಡಗು ಕಟ್ಟುವ, ರಿಪೇರಿ ಮಾಡುವ ನಾನೂರಕ್ಕೂ ಹೆಚ್ಚು ಜನರ ಕೆಲಸ ಅದು. ದಕ್ಕೆಯ ಬೀದಿಗಳಲ್ಲಿ ಆ ಸಂಬಳ ಮುಟ್ಟದ ಮನೆಯಿರಲಿಲ್ಲ. ಹಡಗುಕಟ್ಟೆ ಉಳಿಸುವ ಸಮಿತಿಗೆ ಟೂಮಿಯವರೇ ಅಧ್ಯಕ್ಷರಾದರು. ನವೆಂಬರಿನಲ್ಲಿ ಅವರ ಪತ್ನಿ ಹ್ಯಾನಿ ತೀರಿಕೊಂಡರು. ಆ ಸಂಜೆ ಡಬ್ಲಿನ್ನಿನಿಂದ ಮಂತ್ರಿಯೊಬ್ಬರು ಬಂದು, ಸಾಲಿನಲ್ಲಿ ಎಲ್ಲರಂತೆ ನಿಂತು, ಶವಪೆಟ್ಟಿಗೆಯ ಪಕ್ಕ ಟೂಮಿಯವರ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು ಹೇಳಿದರು: "ಹಡಗುಕಟ್ಟೆ ಬಗ್ಗೆ ಇನ್ನು ಯೋಚನೆ ಮಾಡ್ಬೇಡಿ ಡೆನಿಸ್. ಅದನ್ನ ನಾನು ನೋಡ್ಕೋತೀನಿ."

ಜನವರಿಯಲ್ಲಿ ಹಾಲೆಂಡಿನ ಕಂಪನಿಯೊಂದು ಮುಂದೆ ಬಂತು. ರಿಪೇರಿ ಕೆಲಸವನ್ನಷ್ಟೇ ನಡೆಸುತ್ತೇವೆ, ಅರ್ಧಕ್ಕಿಂತ ಕಡಿಮೆ ಜನರನ್ನು ಇಟ್ಟುಕೊಳ್ಳುತ್ತೇವೆ, ಉತ್ತರ ಒಂದು ವಾರದಲ್ಲಿ ಬೇಕು ಎಂದಿತು. ಕಾರ್ಮಿಕರ ಸಭೆಯಲ್ಲಿ ಒಪ್ಪಬೇಕೆನ್ನುವವರೂ ಇದ್ದರು. ಬೇಡ, ಪೂರ್ತಿ ಉಳಿಯುತ್ತದೆ ಎಂದರು ಟೂಮಿಯವರು. ಬೆಸುಗೆ ವಿಭಾಗದ ಕ್ರಿಸ್ಟಿ ಹೆಗಾರ್ಟಿ, ಸಂಘದ ಮುಖಂಡರು, ಎದ್ದು ನಿಂತರು.

"ಯಾರು ಹೇಳಿದ್ದು ಡಿನ್ನಿ?"

"ಮಂತ್ರಿ."

"ಎಲ್ಲಿ ಹೇಳಿದ್ದು? ಪೇಪರಲ್ಲಾ, ರೇಡಿಯೋದಲ್ಲಾ?"

"ನಮ್ಮನೇಲಿ. ಹ್ಯಾನಿ ಪೆಟ್ಟಿಗೆ ಪಕ್ಕ ನಿಂತು."

ಹೆಗಾರ್ಟಿ ಕೂತರು. ಬೇರೆ ಊರಿನವರಾಗಿದ್ದರೆ ನಕ್ಕುಬಿಡುತ್ತಿದ್ದರೋ ಏನೋ. ಆ ಸಭೆಯಲ್ಲಿ ಮುಂದೆ ಒಂದು ಪ್ರಶ್ನೆಯೂ ಬರಲಿಲ್ಲ. ಕೈಗಳು ಮೇಲೆದ್ದವು, ಹಾಲೆಂಡಿನವರಿಗೆ ಬೇಡವೆಂದು ತಿಳಿಸಲಾಯಿತು. ಅವರು ಆ ಕೆಲಸವನ್ನು ಪೋರ್ಚುಗಲ್ಲಿಗೆ ಒಯ್ದರು.

ಹಡಗುಕಟ್ಟೆ ಮುಚ್ಚುವ ತೀರ್ಮಾನ ಫೆಬ್ರವರಿಯಲ್ಲಿ ಹೊರಬಿತ್ತು. ಟೂಮಿಯವರು ಮೊದಲ ರೈಲಿಗೆ ಡಬ್ಲಿನ್ನಿಗೆ ಹೋದರು. ಮಂತ್ರಿ ಅವರನ್ನು ಕಾಯಿಸಲಿಲ್ಲ, ಕೂರಿಸಿ ಚಹಾ ಕೊಟ್ಟರು. ಕೊಟ್ಟ ಮಾತನ್ನು ನೆನಪಿಸಿದಾಗ ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತಂತೆ. "ಅಯ್ಯೋ ಮೇಯರ್ ಅವರೇ, ಹೆಂಡತಿ ಹೋದ ಮನುಷ್ಯನಿಗೆ ಏನಾದ್ರೂ ಸಮಾಧಾನ ಹೇಳ್ಬೇಕಲ್ಲವಾ? ನೀವೂ ಎಷ್ಟೋ ಮನೆಗೆ ಹೋಗಿದ್ದೀರಿ."

ನಿಜ, ಟೂಮಿಯವರು ಎಷ್ಟೋ ಮನೆಗೆ ಹೋಗಿದ್ದರು, ಮಾತೂ ಆಡಿದ್ದರು. ಆಡಿದ್ದನ್ನು ಮಾಡದೆ ಇರಬಹುದೆಂಬುದು ಮಾತ್ರ ಅವರಿಗೆ ಅರವತ್ತು ದಾಟುವವರೆಗೂ ತಿಳಿದಿರಲಿಲ್ಲ.

ಮಾರ್ಚ್ ಏಳರ ಸಂಜೆ ಅವರು ಸರಪಳಿ ತೆಗೆದಿಟ್ಟು ಗೇಟಿನ ಹೊರಗೆ ಮಳೆಯಲ್ಲಿ ನಿಂತರು. ಹೋಗಬೇಡಿ ಎಂದು ನಗರಸಭೆಯ ಗುಮಾಸ್ತರು ಹೇಳಿದ್ದರು. ಯಾರೂ ಬೈಯಲಿಲ್ಲ. ಹಲವರು ಕೈಕುಲುಕಿದರು, ಹ್ಯಾನಿ ತೀರಿಕೊಂಡಾಗ ಕುಲುಕಿದ ರೀತಿಯಲ್ಲೇ, ತಲೆತಗ್ಗಿಸಿ. ಕೊನೆಯಲ್ಲಿ ಬಂದ ಹೆಗಾರ್ಟಿ ಕೈ ಚಾಚಲಿಲ್ಲ.

"ಮಂತ್ರೀನ ನಾವು ಯಾವತ್ತೂ ನಂಬಿರಲಿಲ್ಲ ಡಿನ್ನಿ," ಎಂದರು. "ನಿನ್ನ ನಂಬಿದ್ವಿ."

ಮುಂದಿನ ಹದಿಮೂರು ವರ್ಷಗಳಲ್ಲಿ ಟೂಮಿಯವರು ಮಾಡಿದ್ದನ್ನು ಈ ಗ್ರಂಥದ ಇತರ ಲೇಖಕರು ವಿವರಿಸಿದ್ದಾರೆ: ವೃದ್ಧರ ವಸತಿ, ತಾಂತ್ರಿಕ ಶಾಲೆ, ಈಜುಕೊಳ. ಅವೆಲ್ಲ ನಿಜ. ಕೆಲಸ ಹುಡುಕಿ ಇಂಗ್ಲೆಂಡಿನ ಹಡಗು ಹತ್ತಬೇಕಾದವರನ್ನು ತಮ್ಮ ಕಾರಿನಲ್ಲೇ ಬಂದರಿಗೆ ಬಿಟ್ಟು, ಹಡಗು ಕಾಣದಾಗುವವರೆಗೆ ನಿಂತಿರುತ್ತಿದ್ದುದೂ ನಿಜ. ಹೋದವರಲ್ಲಿ ಹೆಚ್ಚಿನವರು ಮರಳಿ ಬಂದಿಲ್ಲ. ಹಡಗುಕಟ್ಟೆಯ ಕ್ರೇನುಗಳು ಗುಜರಿಗೆ ಹೋದವು. ತಾಂತ್ರಿಕ ಶಾಲೆಯಲ್ಲಿ ಬೆಸುಗೆ ಕಲಿತವರೂ ಅದೇ ಹಡಗು ಹತ್ತುತ್ತಿದ್ದಾರೆ. ಸಾವಿನ ಮನೆಗಳಿಗೆ ಟೂಮಿಯವರು ಈಗಲೂ ಹೋಗುತ್ತಾರೆ. ಕೈ ಹಿಡಿಯುತ್ತಾರೆ, ಮಾತಾಡುವುದಿಲ್ಲ.

ಎಪ್ಪತ್ತನಾಲ್ಕು ವರ್ಷದ ಟೂಮಿಯವರಿಗೆ ಆರೋಗ್ಯವೂ ದೀರ್ಘಾಯುಷ್ಯವೂ ಇರಲಿ, ವಸತಿ ಸಮಿತಿಯ ಕೆಲಸವನ್ನು ಅವರು ಬಿಡದಿರಲಿ ಎಂದು ಈ ನಗರ ಹಾರೈಸುತ್ತದೆ. ಈಗ ಇಂಗ್ಲೆಂಡಿನ ಕವೆಂಟ್ರಿಯಲ್ಲಿರುವ ಹೆಗಾರ್ಟಿಯವರನ್ನೂ ಈ ಗ್ರಂಥಕ್ಕೆ ಒಂದು ಪುಟ ಬರೆಯಲು ಸಮಿತಿ ಫೋನಿನಲ್ಲಿ ಕೇಳಿತ್ತು.

"ಡಿನ್ನಿ ನೂರು ವರ್ಷ ಬಾಳಲಿ," ಎಂದರು ಅವರು. "ಬರೆಯೋದು ನನ್ನ ಕೈಲಾಗಲ್ಲ."

ಅವರು ಬರೆಯಲಿಲ್ಲ. ಗ್ರಂಥ ಸಮರ್ಪಣೆಯ ಸಮಾರಂಭಕ್ಕೆ ಕಳಿಸಿದ ಆಹ್ವಾನಕ್ಕೂ ಉತ್ತರ ಬಂದಿಲ್ಲ.