ಪಕ್ಕದ ಮನೆಯ ಹುಡುಗಿಯ ಪಾಸ್‌ಪೋರ್ಟ್

ನಾನು ದುಬೈಯಲ್ಲಿ ಆರು ತಿಂಗಳು ಒಂದು ಹೋಟೆಲಿನ ಬಾರಿನಲ್ಲಿ ಕುಣಿಯುತ್ತಿದ್ದೆ. ಇದನ್ನು ಮೊದಲ ಸಾಲಿನಲ್ಲೇ ಹೇಳಿಬಿಡುವುದು ವಾಸಿ. ನನ್ನ ವಿಷಯ ಮಾತಾಡುವವರು ಬೇರೆಲ್ಲ ಹೇಳಿ ಮುಗಿಸಿ, ಕೊನೆಗೆ ದನಿ ತಗ್ಗಿಸಿ ಇದನ್ನು ಹೇಳುತ್ತಾರೆ. ಆ ಸುಖ ಅವರಿಗೆ ಸಿಗುವುದು ನನಗೆ ಇಷ್ಟವಿಲ್ಲ.

ನಮ್ಮದು ಮೈಸೂರಿನ ಮೇಟಗಳ್ಳಿಯಲ್ಲಿ ಒಂದು ಸಾಲುಮನೆ. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡರು. ಅಮ್ಮ ಮನೆಯಲ್ಲಿ ಕೂತು ಊದುಬತ್ತಿ ಹೊಸೆಯುತ್ತಿದ್ದಳು. ನನ್ನನ್ನೂ ತಮ್ಮನನ್ನೂ ನಿಜವಾಗಿ ಸಾಕಿದವಳು ಅಜ್ಜಿ, ಅಮ್ಮನ ತಾಯಿ. ಪಿಯುಸಿ ಮುಗಿದ ಮೇಲೆ ನಾನು ಒಂದು ಆರ್ಕೆಸ್ಟ್ರಾ ತಂಡ ಸೇರಿದೆ. ಗಣೇಶನ ಪೆಂಡಾಲು, ರಾಜ್ಯೋತ್ಸವದ ವೇದಿಕೆ, ಮದುವೆಯ ರಿಸೆಪ್ಷನ್ನು, ಎಲ್ಲಿ ಕರೆದರೂ ಹೋಗಿ ಕುಣಿಯುತ್ತಿದ್ದೆ. ಕುಣಿತ ನನಗೆ ಇಷ್ಟವಿತ್ತು. ಇಷ್ಟವಿರಲಿಲ್ಲ, ಬಡತನ ಕುಣಿಸಿತು ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ. ಅದು ಸುಳ್ಳು.

ಬನ್ನಿಮಂಟಪದ ಕಡೆ ಒಬ್ಬ ಹೆಂಗಸಿದ್ದಳು. ಹೊರದೇಶದ ಹೋಟೆಲುಗಳಿಗೆ ಹುಡುಗಿಯರನ್ನು ಕಳಿಸುವುದು ಅವಳ ಕಸುಬು. ಆರ್ಕೆಸ್ಟ್ರಾದಲ್ಲಿ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ಇಸ್ತ್ರಿ ಮಾಡಿದ ಹತ್ತಿ ಸೀರೆ, ಕುಂಕುಮ, ಮೆತ್ತನೆಯ ಮಾತು. ನೋಡಿದವರು ಶಾಲೆಯ ಟೀಚರು ಎಂದುಕೊಳ್ಳಬೇಕು. ನಮ್ಮ ಮನೆಗೆ ಬಂದು ಅಮ್ಮನ ಪಕ್ಕ ಚಾಪೆಯ ಮೇಲೆ ಕೂತು ಹೇಳಿದಳು: “ಸ್ಟೇಜ್ ಮೇಲೆ ಕುಣಿಯೋದು ಅಷ್ಟೇ ಕಣಮ್ಮ. ಯಾರೂ ಮುಟ್ಟಲ್ಲ. ಇಲ್ಲಿ ಪೆಂಡಾಲಲ್ಲಿ ಶಿಳ್ಳೆ ಹಾಕುಸ್ಕೊಳೋದಕ್ಕಿಂತ ಅಲ್ಲೇ ಮರ್ಯಾದೆ.”

ಅಜ್ಜಿ ಒಬ್ಬಳೇ ಬೇಡ ಅಂದದ್ದು. ನಾನು ನಗುತ್ತಾ ಹೊರಟೆ.

ಯಾರೂ ಮುಟ್ಟಲ್ಲ ಅಂದದ್ದು ಒಂದು ಲೆಕ್ಕಕ್ಕೆ ನಿಜ. ವೇದಿಕೆಯ ಮೇಲೆ ಯಾರೂ ಮುಟ್ಟುತ್ತಿರಲಿಲ್ಲ. ಗಿರಾಕಿಗಳು ಕೂತಲ್ಲಿಂದಲೇ ದುಡ್ಡು ಕೊಟ್ಟು ವೇಟರನ ಕೈಲಿ ಪ್ಲಾಸ್ಟಿಕ್ ಹಾರ ಕಳಿಸುತ್ತಿದ್ದರು. ಅದನ್ನು ಕೊರಳಿಗೆ ಹಾಕಿಕೊಂಡು, ಕಳಿಸಿದವನ ಕಡೆ ನೋಡಿ ಒಂದು ಸಲ ನಗಬೇಕು. ಹಾರ ಬೀಳದವಳಿಗೆ ಮ್ಯಾನೇಜರನ ಬೈಗುಳ. ನಾವು ಎಂಟು ಜನ ಒಂದೇ ಫ್ಲ್ಯಾಟಿನಲ್ಲಿದ್ದೆವು. ಪಂಜಾಬಿನವರು, ನೇಪಾಳದವರು, ತೆಲುಗಿನ ಇಬ್ಬರು, ಕನ್ನಡದವಳು ನಾನೊಬ್ಬಳೇ. ಪಾಸ್‌ಪೋರ್ಟುಗಳೆಲ್ಲ ಮ್ಯಾನೇಜರನ ಬೀರುವಿನಲ್ಲಿ. ಫ್ಲ್ಯಾಟಿನಿಂದ ಹೋಟೆಲಿಗೆ ವ್ಯಾನು, ಹೋಟೆಲಿನಿಂದ ಫ್ಲ್ಯಾಟಿಗೆ ವ್ಯಾನು. ಬಾಗಿಲಿಗೆ ಹೊರಗಿನಿಂದ ಬೀಗ. ಆರು ತಿಂಗಳಲ್ಲಿ ನಾನು ಆ ಊರಿನ ರಸ್ತೆಯ ಮೇಲೆ ನಡೆದದ್ದೇ ಇಲ್ಲ.

ಕುಣಿಯುವುದಕ್ಕಿಂತ ಹಗಲಿನ ಕೆಲಸ ಹೀನವಾಗಿತ್ತು. ಊಟವಾದ ಮೇಲೆ ಎಲ್ಲರೂ ಗೋಡೆಗೆ ಒರಗಿ ಕೂತು ಗಿರಾಕಿಗಳಿಗೆ ಫೋನ್ ಮಾಡಬೇಕು. “ಯಾಕೆ ಬರಲಿಲ್ಲ, ನಿಮ್ಮನ್ನೇ ಕಾಯುತ್ತಿದ್ದೆ” ಎಂದು ಎಂಟು ಜನ ಎಂಟು ಗಂಡಸರಿಗೆ ಒಂದೇ ಕೋಣೆಯಲ್ಲಿ ಹೇಳುವುದು. ಮ್ಯಾನೇಜರ್ ಕುರ್ಚಿ ಹಾಕಿಕೊಂಡು ಕೇಳುತ್ತಿದ್ದ. ನೇಪಾಳದ ಹುಡುಗಿಗೆ ಜ್ವರ ಬಂದು ಒಂದು ವಾರ ಮಲಗಿದಳು. ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ಯಲಿಲ್ಲ. ಫೋನನ್ನು ಮಾತ್ರ ಅವಳ ಹಾಸಿಗೆಗೇ ತಂದುಕೊಟ್ಟರು.

ಆ ದಿನ ನಾನು ಮೈಸೂರಿಗೆ ಫೋನ್ ಮಾಡಿ ಅಕ್ಕನನ್ನು ಕೇಳಿಕೊಂಡೆ, ನನ್ನನ್ನು ವಾಪಸು ಕರೆಸಿಕೊಳ್ಳಿ ಎಂದು.

“ಅಗ್ರಿಮೆಂಟಿಗೆ ಸೈನ್ ಹಾಕಿದೀಯಲ್ಲಮ್ಮ,” ಅಂದಳು. “ಆರು ತಿಂಗಳು ಕಣ್ಮುಚ್ಚಿ ಬಿಟ್ರೆ ಕಳೆದುಹೋಗತ್ತೆ. ಹೊಂದ್ಕೋ.”

ಅಮ್ಮನಿಗೆ ಪ್ರತಿ ಶುಕ್ರವಾರ ಮಾತಾಡಲು ಬಿಡುತ್ತಿದ್ದರು. ನಾಲ್ಕು ತಿಂಗಳಾದ ಮೇಲೆ ಅಜ್ಜಿ ಫೋನಿಗೆ ಬರುವುದು ನಿಂತಿತು. ಕೊಡು ಅಂದರೆ, “ಮಲ್ಗವ್ಳೆ ಕಣವ್ವ” ಎನ್ನುತ್ತಿದ್ದಳು ಅಮ್ಮ. ಮುಂದಿನ ವಾರವೂ ಮಲಗಿದ್ದಳು. ಅದರ ಮುಂದಿನ ವಾರವೂ. ಮೈಸೂರಿಗೆ ಬಂದು ಮನೆಯೊಳಗೆ ಕಾಲಿಟ್ಟಾಗ ಅಜ್ಜಿಯ ಫೋಟೋಕ್ಕೆ ಹಾರ ಹಾಕಿತ್ತು. ತೀರಿಕೊಂಡು ಎರಡು ತಿಂಗಳಾಗಿತ್ತು.

“ನಿಂಗೇಳ್ಬ್ಯಾಡ ಅಂದ್ರು,” ಅಂದಳು ಅಮ್ಮ. “ಕೆಲ್ಸ ಕೆಡ್ತದೆ, ಹೆಂಗೂ ಕಳ್ಸಕ್ಕಾಗಲ್ಲ ಅಂದ್ಬುಟ್ರು ಅಕ್ಕ.”

ಅಕ್ಕ ಹೇಳಿದ್ದಳು, ಅಮ್ಮ ಕೇಳಿದ್ದಳು. ಇಬ್ಬರಲ್ಲಿ ಯಾರ ಮೇಲೆ ಹೆಚ್ಚು ಸಿಟ್ಟು ಎಂದು ಇವತ್ತಿಗೂ ನನಗೆ ತೀರ್ಮಾನವಾಗಿಲ್ಲ.

ಸಾಲಿನ ಎಲ್ಲ ಮನೆಗಳಿಗೂ ಅಮ್ಮ ಒಂದು ಕತೆ ಹೇಳಿಟ್ಟಿದ್ದಳು: ನಾನು ದುಬೈಯ ಬ್ಯೂಟಿ ಪಾರ್ಲರಿನಲ್ಲಿದ್ದೆ ಎಂದು. ಹೆಂಗಸರು ಹುಬ್ಬು ತೀಡಿಸಿಕೊಳ್ಳಲು ಬಂದು ನಿಂತರು. ಯಾರಿಗೂ ಆ ಕತೆಯ ಮೇಲೆ ನಂಬಿಕೆ ಇರಲಿಲ್ಲ. ನನಗೆ ಹುಬ್ಬು ತೀಡಲು ಬರುತ್ತದೋ ಇಲ್ಲವೋ ನೋಡಲು ಬಂದವರು ಅವರು. ನಾನು ಕೈನೋವು ಎಂದು ಹೇಳಿ ಕಳಿಸುತ್ತಿದ್ದೆ. ಹೋಗುವಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋಗುತ್ತಿದ್ದರು. ಹೀಗೆ ಒಂದು ವರ್ಷ ಕಳೆಯಿತು. ತಮ್ಮನಿಗೆ ನಂಜನಗೂಡಿನ ಕಡೆಯ ಹುಡುಗಿಯ ಜೊತೆ ಮದುವೆ ಗೊತ್ತಾಯಿತು.

ಪಕ್ಕದ ಮನೆಯಲ್ಲಿ ತಾಯಿ, ಮಗಳು ಇಬ್ಬರೇ. ತಾಯಿ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಗೆ ಹೋಗುತ್ತಿದ್ದರು. ಮಗಳಿಗೆ ಇಪ್ಪತ್ತೊಂದು. ಡಿಗ್ರಿಯನ್ನು ಅರ್ಧಕ್ಕೆ ಬಿಟ್ಟು ನಾನಿದ್ದ ಆರ್ಕೆಸ್ಟ್ರಾವನ್ನೇ ಸೇರಿದ್ದಳು. ನನಗಿಂತ ಚೆನ್ನಾಗಿ ಕುಣಿಯುತ್ತಿದ್ದಳು. ಒಂದು ಭಾನುವಾರ ಬೆಳಗ್ಗೆ ಅಕ್ಕ ಅವರ ಜಗುಲಿಯ ಮೇಲೆ ಬಂದು ಕೂತಳು, ಖರ್ಜೂರದ ಡಬ್ಬಿ ಹಿಡಿದುಕೊಂಡು. ಹುಡುಗಿಯ ಪಾಸ್‌ಪೋರ್ಟ್ ಬಂದು ವಾರವಾಗಿತ್ತು. ಅದನ್ನು ತಾಯಿ ಅರಿಶಿನ ಹಚ್ಚಿ ದೇವರ ಮುಂದೆ ಇಟ್ಟಿದ್ದರು.

ನಾನು ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದೆ. ಅಕ್ಕ ನನ್ನನ್ನು ಕೈಮಾಡಿ ಕರೆದಳು.

“ಬೇಕಾದ್ರೆ ಇವಳನ್ನೇ ಕೇಳಿ,” ಎಂದಳು ಹುಡುಗಿಯ ತಾಯಿಗೆ. “ಹೋಗಿ ಬಂದಿದಾಳಲ್ಲ. ಏನು ತೊಂದ್ರೆ ಆಯ್ತಮ್ಮ ನಿಂಗೆ? ನೀನೇ ಹೇಳು.”

ನಾನು ಪಾರ್ಲರಿನ ಕತೆ ಬಿಟ್ಟು ಬೇರೇನೂ ಹೇಳಲಾರೆ ಎಂದು ಅವಳಿಗೆ ಖಾತ್ರಿಯಿತ್ತು. ಹೇಳಿದರೆ ಮೊದಲು ಬೀಳುವುದು ನನ್ನ ಮರ್ಯಾದೆ, ಆಮೇಲೆ ತಮ್ಮನ ಮದುವೆ. ಆ ಖಾತ್ರಿ ಅವಳ ಮುಖದ ಮೇಲೆ ಕಾಣುತ್ತಿತ್ತು. ಅದನ್ನು ನೋಡಿಯೇ ನನಗೆ ತಡೆಯಲಾಗದೆ ಹೋಯಿತು. ಹುಡುಗಿಯನ್ನು ಕಾಪಾಡಬೇಕೆಂದು ನಾನು ಬಾಯಿ ತೆರೆದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಾನು ಅಕ್ಕನ ಮುಖದ ಆ ಖಾತ್ರಿಯನ್ನು ಒರೆಸಿಹಾಕಬೇಕಿತ್ತು.

“ಬಾರಲ್ಲಿ ಕುಣೀತಿದ್ದೆ,” ಅಂದೆ, ಸಾಲಿಗೆಲ್ಲ ಕೇಳುವ ಹಾಗೆ. “ಹೊರಗಡೆಯಿಂದ ಬೀಗ ಹಾಕ್ತಿದ್ರು. ಪಾಸ್‌ಪೋರ್ಟ್ ಕಿತ್ಕೊಂಡಿದ್ರು. ಜ್ವರ ಬಂದೋಳಿಗೂ ಗಂಡಸರ ಹತ್ರ ಫೋನಲ್ಲಿ ನಗು ಅಂದ್ರು. ನಮ್ಮಜ್ಜಿ ಸತ್ತಿದ್ದನ್ನ ನಂಗೆ ಹೇಳಗೊಡಲಿಲ್ಲ, ಈಯಮ್ಮ.”

ನನ್ನ ಹಿಂದೆ ಸಾಲಿನ ಬಾಗಿಲುಗಳಲ್ಲಿ ಹೆಂಗಸರು ನಿಂತಿದ್ದರು. ಅಮ್ಮ ಊದುಬತ್ತಿಯ ಹಲಗೆಯನ್ನು ಬಿಟ್ಟು ಎದ್ದು ಬಂದು ನನ್ನ ರಟ್ಟೆ ಹಿಡಿದು ಎಳೆದಳು. ನಾನು ಕದಲಲಿಲ್ಲ.

ಅಕ್ಕ ಸಿಟ್ಟಾಗಲಿಲ್ಲ. ಅವಳು ಸೆರಗು ಸರಿಮಾಡಿಕೊಂಡು, “ನಗ್ತಾ ನಗ್ತಾ ಹೋದೋಳು ನೀನೇ ಅಲ್ವೇನಮ್ಮ,” ಎಂದಳು. “ಯಾರಾದ್ರೂ ಕೈಕಾಲು ಕಟ್ಟಿ ಹೊತ್ಕೊಂಡು ಹೋದ್ರಾ?”

“ಇಲ್ಲ.”

“ಮತ್ತೆ?”

ನಾನು ಖರ್ಜೂರದ ಡಬ್ಬಿಯನ್ನು ಎತ್ತಿ ಚರಂಡಿಗೆ ಬಗ್ಗಿಸಿದೆ. ಅಕ್ಕ ಚಪ್ಪಲಿ ಮೆಟ್ಟಿಕೊಂಡು ಆಟೋ ಹತ್ತಿದಳು.

ಹುಡುಗಿಯ ತಾಯಿ ಒಳಗೆ ಹೋಗಿ, ಅರಿಶಿನ ಹಚ್ಚಿದ ಪಾಸ್‌ಪೋರ್ಟನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. ಅವತ್ತಿನಿಂದ ಅವರ ನಲ್ಲಿಯ ಸರದಿಯಲ್ಲಿ ನಾನು ಮುಟ್ಟಿದ ಬಿಂದಿಗೆ ಇದ್ದರೆ ಅದನ್ನು ಕಾಲಿನಿಂದ ಸರಿಸುತ್ತಿದ್ದರು. ಹುಡುಗಿ ಮಾತ್ರ ಸಂಜೆ ನಮ್ಮ ಬಾಗಿಲಿಗೆ ಬಂದಳು. ಕಣ್ಣು ಕೆಂಪಾಗಿತ್ತು.

“ನೀವು ಹೋಗಿ ಬಂದ್ರಿ. ಮೂರ್ ತಲೆಯಾದ್ರೂ ಈ ಸಾಲಿಂದ ಆಚೆ ಕಾಲಿಡ್ದೋರ ಮಧ್ಯ ನೀವೊಬ್ರು ಇಮಾನ ಹತ್ತುದ್ರಿ. ನಾನ್ ಹೋಗ್ಬಾರ್ದಾ?”

“ಹೋಗು. ಗೊತ್ತಿದ್ದೇ ಹೋಗು.”

“ಎಲ್ರಿಗೂ ಗೊತ್ ಮಾಡ್ಸುದ್ ಮ್ಯಾಲೆ ಯಾರ್ ಬುಡ್ತಾರೆ?” ಎಂದು ಹೊರಟುಹೋದಳು.

ನಂಜನಗೂಡಿನವರು ಹದಿನೈದು ದಿನದಲ್ಲಿ ಸಂಬಂಧ ಬೇಡ ಎಂದು ಹೇಳಿಕಳಿಸಿದರು. ತಮ್ಮ ನನ್ನ ಹತ್ತಿರ ಜಗಳವಾಡಲಿಲ್ಲ. ನಾನು ಬಡಿಸಿದ ತಟ್ಟೆಯ ಮುಂದಿನಿಂದ ಎದ್ದು ಹೋಗಲು ಶುರುಮಾಡಿದ. ನಾಲ್ಕು ದಿನ ನೋಡಿ ಅಮ್ಮ, “ನೀನೆಲ್ಲಾರ ಬೇರೆ ಇದ್ಬುಡವ್ವ” ಅಂದಳು. ನನ್ನ ಬಟ್ಟೆಗಳನ್ನು ಅವಳೇ ಮಡಚಿ ಚೀಲಕ್ಕೆ ತುಂಬಿದಳು. ಅಜ್ಜಿಯ ಫೋಟೋ ಕೇಳಿದೆ. ಕೊಡಲಿಲ್ಲ.

ಕೃಷ್ಣಮೂರ್ತಿಪುರಂನಲ್ಲಿ ಬ್ಲೌಸ್ ಹೊಲಿಯುವ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತು. ಅದರ ಹಿಂದಿನ ಬೀದಿಯಲ್ಲಿ ಒಂದು ಹಳೆಯ ಮನೆಯ ಮಹಡಿ ಕೋಣೆ ಖಾಲಿಯಿತ್ತು. ಮನೆಯ ಯಜಮಾನಿ, ನಿವೃತ್ತ ಸಂಸ್ಕೃತ ಮೇಡಂ, ಕಾಫಿ ಕೊಟ್ಟು ವಿಚಾರಿಸಿದರು. “ಮೊದಲು ಎಲ್ಲಿದ್ರಿ, ಏನ್ಮಾಡ್ತಿದ್ರಿ?” ಸುಳ್ಳು ಹೇಳಿ ಸಾಕಾಗಿತ್ತು. ಹೇಳಿದೆ. ಅವರು ನನ್ನ ಕೈಯಿಂದ ಲೋಟವನ್ನು ತೆಗೆದುಕೊಂಡರು. “ನಂಗೇನೂ ತೊಂದ್ರೆ ಇಲ್ಲ ಕಣ್ರೀ, ನಮ್ಮ ಮನೆಯವರಿಗೆ ಸರಿಹೋಗಲ್ಲ,” ಎಂದರು. ಅವರ ಮನೆಯವರು ತೀರಿಕೊಂಡು ಹತ್ತು ವರ್ಷವಾಗಿತ್ತು ಎಂದು ಅಂಗಡಿಯಲ್ಲಿ ಆಮೇಲೆ ತಿಳಿಯಿತು. ಈಗ ಅಂಗಡಿಯ ಹಿಂಭಾಗದಲ್ಲೇ, ಲೈನಿಂಗ್ ಬಟ್ಟೆಯ ಥಾನುಗಳ ಪಕ್ಕ ಮಲಗುತ್ತೇನೆ.

ಹೋದ ತಿಂಗಳು ಆ ಹುಡುಗಿ ಅಂಗಡಿಗೆ ಬಂದಳು. ನಾನಿರುವುದು ಗೊತ್ತಿದ್ದೇ ಬಂದಂತಿತ್ತು. ಮದುವೆಯಾಗಿತ್ತು. ಗಂಡ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್, ಅವಳೂ ಅಲ್ಲೇ ಬಟನ್ ಹಾಕುವ ಮೆಷಿನ್ನಿನ ಮುಂದೆ. ಕುಣಿಯುವುದು ಬಿಟ್ಟಿದ್ದಾಳೆ, ಗಂಡ ಬಿಡಿಸಿದ. ನಾನು ಟೇಪು ತೆಗೆದುಕೊಂಡು ಅವಳ ತೋಳಿನ ಅಳತೆ ತೆಗೆದೆ. ಮೊಣಕೈಯ ಮೇಲೆ ಮಾಸುತ್ತಿದ್ದ ನಾಲ್ಕು ಬೆರಳಿನ ಗುರುತು ಇತ್ತು. ನಾನು ನೋಡಿದ್ದನ್ನು ಅವಳು ನೋಡಿದಳು.

“ಪಾಸ್‌ಪೋರ್ಟ್ ಇನ್ನೂ ಅಮ್ಮನ ಟ್ರಂಕಲ್ಲೇ ಅದೆ,” ಅಂದಳು. “ಅವತ್ತು ನೀವು ಬಾಯಿ ಮುಚ್ಕೊಂಡಿದ್ರೆ ನಂದು ಬೇರೇನೇ ಆಗಿರೋದು.”

“ಆಗಿರೋದು.”

“ಅಷ್ಟೇನಾ ನೀವ್ ಹೇಳೋದು?”

ಕ್ಷಮಿಸು ಅನ್ನಲಿ ಎಂದು ಕಾಯುತ್ತಿದ್ದಳು. ನಾನು ಅನ್ನಲಿಲ್ಲ. ಬೀಗ ಹಾಕಿದ ಫ್ಲ್ಯಾಟು ಇವಳ ಮನೆಗಿಂತ ವಾಸಿಯಾಗಿರುತ್ತಿತ್ತೋ ಏನೋ, ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ತಪ್ಪೊಪ್ಪಿಕೊಳ್ಳುವ ಅಭ್ಯಾಸ ನನಗೆ ಬಿಟ್ಟುಹೋಗಿದೆ.

“ತೋಳು ಉದ್ದ ಇಡ್ಲಾ?” ಎಂದು ಕೇಳಿದೆ.

“ಬ್ಯಾಡ,” ಅಂದಳು. “ಗಿಡ್ಡನೇ ಇಡಿ. ಕಾಣ್ಲಿ.”

ಬುಧವಾರ ಬರಲು ಹೇಳಿ, ಅಳತೆ ಬರೆದುಕೊಂಡೆ.