ಸಂಕಷ್ಟಿಯ ಮರುದಿನ

ತಮ್ಮನ ರಕ್ತದ ಕ್ಯಾನ್ಸರ್ ಎರಡು ಸಲದ ಕೀಮೋಗೂ ಬಗ್ಗಲಿಲ್ಲ. ಇನ್ನುಳಿದದ್ದು ಅಸ್ಥಿಮಜ್ಜೆಯ ಕಸಿ ಒಂದೇ ಎಂದರು ಡಾಕ್ಟರು. ನನ್ನದು ಅವನಿಗೆ ಪೂರ್ತಿ ಹೊಂದುತ್ತಿತ್ತು.

"ಎಲುಬ್ ಕೊಯ್ತ್ರಾ ಹೆಣ್ಣೇ?" ಬೀಜಾಡಿಯ ಮನೆಯಲ್ಲಿ ಅತ್ತೆ ಹೆದರಿದರು.

"ಇಲ್ಲೆ ಅತ್ತೆ. ಕೈಯಿಂದ ರಕ್ತ ತೆಗ್ದ್, ಬೇಕಾದ್ದ್ ಮಾತ್ರ ಇಟ್ಕಂಡ್, ಉಳ್ದದ್ದ್ ವಾಪಾಸ್ ಕೊಡ್ತ್ರ್."

"ಡೇರಿಯಂಗೆ ಕೆನೆ ತೆಗ್ದಂಗಾ?"

ಸರಿಯಾಗಿಯೇ ಹೇಳಿದ್ದರು.

ಮಜ್ಜೆಯ ಕೋಶಗಳು ರಕ್ತಕ್ಕಿಳಿಯಲೆಂದು ನನಗೆ ನಾಲ್ಕು ದಿನ ಇಂಜೆಕ್ಷನ್. ಸೊಂಟ, ಎದೆಗೂಡು ಒಳಗಿನಿಂದ ಮಿಡಿಯುತ್ತಿತ್ತು. ಕೂತರೆ ನಿಲ್ಲಬೇಕು, ನಿಂತರೆ ಕೂರಬೇಕು. ಮಡಚಿದ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಚಿದೆ. ಅತ್ತ ತಮ್ಮನ ಹಳೆಯ ಮಜ್ಜೆಯನ್ನು ಪೂರ್ತಿ ಸುಡುವ ಔಷಧಿ ಹಾಕಿಯಾಗಿತ್ತು. ನನ್ನಿಂದ ಸಿಗುವ ಕೋಶಗಳು ಸಾಲದಿದ್ದರೆ ಅವನಿಗೆ ಹಿಂದಕ್ಕೆ ದಾರಿಯಿರಲಿಲ್ಲ.

ರಕ್ತ ತೆಗೆಯುವ ಹಿಂದಿನ ದಿನ ಸಂಕಷ್ಟಿ. ಮದುವೆಯಾದಂದಿನಿಂದ ಉಪವಾಸ ತಪ್ಪಿಸಿದ್ದಿಲ್ಲ. ಆ ದಿನವಂತೂ ತಮ್ಮನಿಗಾಗಿ ಎಂದು ನೀರನ್ನೂ ಬಿಟ್ಟೆ. ಚಂದ್ರನನ್ನು ನೋಡಿಯೇ ಊಟ. ಮಳೆಗಾಲದ ಮೋಡ, ಚಂದ್ರ ಕಾಣಲೇ ಇಲ್ಲ. ಪಂಚಾಂಗದ ಹೊತ್ತು ನೋಡಿ ಉಂಡರಾಯಿತೆಂದು ಅತ್ತೆ ಹೇಳಿದರೂ ಕೇಳದೆ ಹಾಗೇ ಮಲಗಿದೆ.

ಬೆಳಿಗ್ಗೆ ಆಸ್ಪತ್ರೆಯಲ್ಲಿ ನರವೇ ಸಿಗಲಿಲ್ಲ. ಮೂರು ಕಡೆ ಚುಚ್ಚಿದರು. ಯಂತ್ರ ಮತ್ತೆ ಮತ್ತೆ ಕೂಗಿ ನಿಂತಿತು. "ನೀರು ಕುಡಿದಿದ್ದೀರಾ?" ಎಂದು ನರ್ಸ್ ಕೇಳಿದಾಗ ನಿಜ ಹೇಳಿದೆ. ಆಕೆ ಬೈಯಲಿಲ್ಲ, ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ತೆಗೆದಳು. ಸಂಜೆ ವರದಿ ಬಂತು. ಬೇಕಾದದ್ದರ ಅರ್ಧವೂ ಸಿಕ್ಕಿರಲಿಲ್ಲ. ನಾಳೆ ಇನ್ನೊಮ್ಮೆ, ಅದೇ ಕೊನೆ ಎಂದರು.

ಉಪವಾಸದ ಸುದ್ದಿ ಕೇಳಿ, ಯಾರೂ ಒಳಹೋಗಬಾರದ ಕೋಣೆಯಿಂದ ತಮ್ಮ ವಿಡಿಯೋ ಕಾಲ್ ಮಾಡಿದ.

"ಹ್ವಾಯ್ ಅಕ್ಕ, ಚಂದ್ರ ಕಾಣ್ಲಿಲ್ಯಾ?" ಟೊಪ್ಪಿ ತೆಗೆದು ಬೋಳು ತಲೆಯನ್ನು ಕ್ಯಾಮೆರಾಕ್ಕೆ ಬಗ್ಗಿಸಿದ. "ಇದನ್ನ್ ಕಂಡ್ಕಂಡ್ ಉಣ್ಣ್ ಮಾರಾಯ್ತಿ."

ನಕ್ಕೆ. ಗಂಜಿ ಉಂಡೆ. ಲೋಟದ ಮೇಲೆ ಲೋಟ ನೀರು ಕುಡಿದೆ.

ಮರುದಿನ ಯಂತ್ರ ಕೂಗಲಿಲ್ಲ. ತುಟಿ ಜುಮುಜುಮು ಎನ್ನುತ್ತಿತ್ತು, ತಲೆಯ ಮೇಲ್ಗಡೆ ನೇತುಹಾಕಿದ ಚೀಲ ಮೆಲ್ಲಗೆ ತುಂಬುತ್ತಿತ್ತು. ಎರಡೂ ದಿನದ್ದು ಸೇರಿ ಸಾಕು ಎಂದರು. ಅದು ಅವನ ಮೈಸೇರಿತು. ಆದರೆ ಬೇರು ಬಿಟ್ಟೀತೋ? ಬಿಟ್ಟರೆ ಅವನ ರಕ್ತದಲ್ಲಿ ಹೊಸ ಬಿಳಿರಕ್ತಕಣ ಕಾಣಬೇಕು. ಮನೆಗೆ ಬಂದ ಮೇಲೆ ದಿನಾ ಬೆಳಿಗ್ಗೆ ಫೋನ್. ಬಿಳಿರಕ್ತಕಣ ಇಲ್ಲ, ಇಲ್ಲ, ಇವತ್ತೂ ಇಲ್ಲ.

ಮೂರನೆಯ ವಾರ, ಬಂಗುಡೆ ಮೀನು ತೊಳೆಯುತ್ತಿದ್ದಾಗ ಅವನೇ ಫೋನ್ ಮಾಡಿದ.

"ಇವತ್ತ್ ಕಾಣ್ಸ್ಕಂಡಿತ್ ಅಕ್ಕ."

"ಎಷ್ಟ್?"

"ಚೂರ್."

ಚೂರು ಅಂದರೆ ಎಷ್ಟು ಎಂದು ಕೇಳುವಷ್ಟರಲ್ಲಿ ಡಾಕ್ಟರು ಬಂದರೆಂದು ಇಟ್ಟುಬಿಟ್ಟ. ಮೀನಿನ ಕೈಯಲ್ಲೇ ಮತ್ತೆ ಅವನ ನಂಬರು ಒತ್ತಿದೆ.